ಹೆಸರು ಹಿಡಿದು ಕೂಗುವ ಮುನಿರಾಜಪ್ಪ

ಮುನಿರಾಜಪ್ಪ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ "ಕೂಗೋ ಕೆಲಸ" ಎನ್ನುತ್ತಿದ್ದಳು. ತಮಾಷೆಗೆ ಹೇಳಿದರೂ ಅದು ನಿಜವೇ. ಶಿವಾಜಿನಗರದ ಗಲ್ಲಿಗಳ ಹಳೇ ಅಚ್ಚಿನ ಯಂತ್ರ, ಕೆ.ಆರ್. ಪುರದ ಶೆಡ್ಡುಗಳ ಲೇತು, ಪವರ್ ಪ್ರೆಸ್ಸು, ಹೀಗೆ ಕ್ರೇನು ನುಗ್ಗಲಾಗದ ಜಾಗದಲ್ಲಿ ಕೂತಿರುವ ಭಾರದ ಯಂತ್ರಗಳನ್ನು ಕೈಬಲದಿಂದ ಎತ್ತಿ ಸಾಗಿಸುವ ಎಂಟು ಜನರ ಗುಂಪಿಗೆ ಅವನು ಮೇಸ್ತ್ರಿ. ಏಳು ಜನ ಹಗ್ಗಕ್ಕೂ ಹಾರೆಗೂ ಬೀಳುತ್ತಿದ್ದರು. ಇವನು ಎದುರಿಗೆ ನಿಂತು ಕೂಗುತ್ತಿದ್ದ.

ಅವನಿಗೆ ಕೆಲಸ ಕಲಿಸಿದ ಬಸಣ್ಣ ಮೊದಲ ದಿನವೇ ಒಂದು ಮಾತು ಹೇಳಿದ್ದ. "ಏಳು ಜನ ಹಗ್ಗ ಎಳೆದ್ರೆ ಐದು ಜನರ ಬಲ ಬರ್ತದೆ ಕಣೋ. ಮಿಕ್ಕಿದ್ದೆಲ್ಲಿ ಹೋಯ್ತು ಅಂತ ಹುಡುಕೋದೇ ಮೇಸ್ತ್ರಿ ಕೆಲಸ." ಇದನ್ನು ಮೈಗಳ್ಳತನ ಎಂದು ಬಯ್ಯುವವರು ಒಮ್ಮೆ ಹಗ್ಗ ಹಿಡಿದು ನೋಡಬೇಕು. ಒಬ್ಬನೇ ಇದ್ದಾಗ ಕಣ್ಣುಗುಡ್ಡೆ ಹೊರಗೆ ಬರುವಂತೆ ಎತ್ತುವ ಗಟ್ಟಿ ಆಳು, ಪಕ್ಕದಲ್ಲಿ ಆರು ಜನ ಬಂದು ನಿಂತರೆ ತನಗೇ ಗೊತ್ತಿಲ್ಲದೆ ಒಂದಿಷ್ಟು ಸಡಿಲಾಗುತ್ತಾನೆ. ಪಕ್ಕದವನ ಮೇಲೆ ನಂಬಿಕೆ, ಅಷ್ಟೇ. ಪಕ್ಕದವನಿಗೂ ಇವನ ಮೇಲೆ ಅದೇ ನಂಬಿಕೆ. ಕಮ್ಮನಹಳ್ಳಿಯ ಮೇನ್ ರೋಡಿನಲ್ಲಿ ಜನ ನಿಂತು ನೋಡುವಾಗ ಮಾತ್ರ ತೂಕಡಿಸುವವನ ತೋಳಿಗೂ ಎಲ್ಲಿಲ್ಲದ ಬಲ ಬರುತ್ತಿತ್ತು. ಆದರೆ ಕತ್ತಲೆ ಶೆಡ್ಡುಗಳಲ್ಲಿ ನೋಡುವವರು ಯಾರು?

ಮುನಿರಾಜಪ್ಪ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಬರೀ "ಐಸಾ" ಎಂದು ಕೂಗದೆ ಒಬ್ಬೊಬ್ಬರ ಹೆಸರನ್ನೂ ಕೂಗಿಗೆ ಸೇರಿಸುತ್ತಿದ್ದ. "ಮುಬೀನ್ ಭಾಯಿ ಬಂದ, ಐಸಾ. ಚಿಕ್ಕಮುನಿಯಪ್ಪ ಬಂದ, ಐಸಾ. ನಮ್ಮ ಸೂರ್ಯ ಬಂದ, ಐಸಾ." ಹೆಸರು ಬಿದ್ದ ಕೂಡಲೇ ಆ ಮನುಷ್ಯನ ಬೆನ್ನು ಬಿಗಿಯಾಗುತ್ತಿತ್ತು. ಯಂತ್ರ ಇಂಚಿಂಚಾಗಿ ಕದಲುತ್ತಿತ್ತು. ಇನ್ನೊಂದು ಕಟ್ಟುನಿಟ್ಟೂ ಇತ್ತು. ಅವನು ಎಂದೂ "ಯಾರಾದ್ರೂ ಮಾಡ್ರಪ್ಪ" ಎನ್ನುತ್ತಿರಲಿಲ್ಲ. ಹಾಗೆಂದರೆ ಯಾರೂ ಮಾಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಸರು ಕರೆದು ಹೇಳುತ್ತಿದ್ದ. ಆ ಆಳು "ಆಯ್ತು" ಎಂದ ಮೇಲೆ, ಕಣ್ಣಾರೆ ನೋಡಿ, ಮುಂದಿನ ಮಾತು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಯಾರ ಬೆರಳಿಗೂ ಏಟಾಗಲಿಲ್ಲ.

ಸೂರ್ಯ ಅವನ ತಂಗಿ ಅಂಜಿನಮ್ಮನ ಗಂಡ. ಗುಂಪಿನಲ್ಲಿ ಎಲ್ಲರಿಗಿಂತ ಚುರುಕು. ಯಂತ್ರದ ಹಿಂದಿನ ಮೂಲೆ ಯಾವಾಗಲೂ ಅವನದೇ. ಹಾರೆ ಹಾಕಿ ಎತ್ತಿದಾಗ ಅಡಿಗೆ ಮರದ ದಿಮ್ಮಿ ತಳ್ಳುವುದು ಅವನ ಕೆಲಸ. ಭಾವನೆಂದರೆ ಅವನಿಗೆ ಪ್ರಾಣ, ಇವನಿಗೂ ಅವನೆಂದರೆ ಅಷ್ಟೇ.

ಇಬ್ಬರ ನಡುವೆ ಮಾತು ನಿಂತದ್ದು ಒಂದು ಮಗುವಿನ ಕಿವಿಯಿಂದ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸುವುದು ಇವರ ಮನೆಗಳಲ್ಲಿ ನಡೆದುಬಂದ ಪದ್ಧತಿ. ತಂಗಿಯ ಮಗಳು ಭಾಗ್ಯಲಕ್ಷ್ಮಿಗೆ ಎರಡು ತುಂಬಿದಾಗ ಮುನಿರಾಜಪ್ಪ ಹೊಸ ಪಂಚೆ ತಂದು ಬೀರುವಿನಲ್ಲಿ ಇಟ್ಟುಕೊಂಡಿದ್ದ. ಸೂರ್ಯ ಒಂದು ಭಾನುವಾರ ಮಗಳನ್ನು ಎತ್ತಿಕೊಂಡು ಪೇಟೆಗೆ ಹೋದವನು, ಒಡವೆ ಅಂಗಡಿಯವನು "ಎರಡೇ ನಿಮಿಷ, ನೋವೇ ಆಗಲ್ಲ" ಎಂದನೆಂದು ಅಲ್ಲೇ ಚುಚ್ಚಿಸಿಕೊಂಡು ಬಂದುಬಿಟ್ಟ. ಮನಸ್ಸಿನಲ್ಲಿ ಯಾವ ಕೆಟ್ಟದ್ದೂ ಇರಲಿಲ್ಲ, ಪದ್ಧತಿ ಮರೆತಿದ್ದ. ಮಕ್ಕಳಿಲ್ಲದ ಮುನಿರಾಜಪ್ಪನಿಗೆ ಮಾತ್ರ ಆ ತೊಡೆಯೊಂದೇ ಹಕ್ಕಾಗಿ ಉಳಿದಿತ್ತು. ಅವನು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನೆ ಮಾತು ಬಿಟ್ಟ.

ಹದಿನೆಂಟು ದಿನ. ಕೆಲಸಕ್ಕೆ ಇಬ್ಬರೂ ಬರುತ್ತಿದ್ದರು. ಕೂಗಿನಲ್ಲಿ ಆರು ಹೆಸರು ಬರುತ್ತಿದ್ದವು, ಏಳನೆಯದು ಬರುತ್ತಿರಲಿಲ್ಲ. ಸೂರ್ಯ ತಲೆ ತಗ್ಗಿಸಿಕೊಂಡು, ಯಾರೂ ಹೇಳದಿದ್ದರೂ ತನ್ನ ಮೂಲೆಯ ಕೆಲಸ ತಾನು ಮಾಡುತ್ತಿದ್ದ. ಒಂದು ದಿನ ಟೀ ಕುಡಿಯುವಾಗ ಮುಬೀನ್ ಮೆಲ್ಲಗೆ ಹೇಳಿ ನೋಡಿದ.

"ಅಣ್ಣಾ, ಅವನ್ ಹೆಸ್ರೂ ಒಂದ್ಸಲ ಕೂಗ್ಬಿಡಿ. ಪಾಪ, ಕಾಯ್ತಾನೆ."

"ನನ್ನ ಕೆಲ್ಸ ನಂಗೆ ಗೊತ್ತು, ನೀನು ಟೀ ಕುಡಿ" ಎಂದ ಮುನಿರಾಜಪ್ಪ. ಅಂಥ ಹಟಕ್ಕೆ ಏನೆನ್ನಬೇಕು.

ಹದಿನೆಂಟನೆಯ ದಿನ ಕೆ.ಆರ್. ಪುರದ ಹಿಂದೆ ಒಂದು ಶೆಡ್ಡಿನಲ್ಲಿ ಎರಡು ಟನ್ನಿನ ಪ್ರೆಸ್ಸು. ಬೆಳಗಿನ ಹನ್ನೊಂದು ಗಂಟೆ. ಹಾರೆ ಹಾಕಿ ಹಿಂಭಾಗ ಎತ್ತಿ ಹಿಡಿದಿದ್ದರು. ಇನ್ನು ದಿಮ್ಮಿ ಹೋಗಬೇಕು. ಮುನಿರಾಜಪ್ಪನ ನಾಲಿಗೆಯ ತುದಿಗೆ ಹೆಸರು ಬಂದಿತ್ತು. ಅದನ್ನು ನುಂಗಿಕೊಂಡು, ಜೀವನದಲ್ಲಿ ಮೊದಲ ಸಲ, "ಹಿಂದ್ಗಡೆ ಯಾರಾದ್ರೂ ದಿಮ್ಮಿ ಕೊಡ್ರಪ್ಪ" ಎಂದ. ಆ ಮೂಲೆಯ ಕಡೆ ನೋಡಲೂ ಇಲ್ಲ. ನೋಡಿದರೆ ಸೂರ್ಯನ ಮುಖ ನೋಡಬೇಕಾಗುತ್ತಿತ್ತು. ದಿಮ್ಮಿ ಕೊಟ್ಟಿದ್ದಾನೆಂದು ಮುಬೀನ್ ತಿಳಿದ, ಚಿಕ್ಕಮುನಿಯಪ್ಪ ತಿಳಿದ, ಎಲ್ಲರೂ ತಿಳಿದರು. ಮುನಿರಾಜಪ್ಪ ನಾಲ್ಕು ಎಣಿಸಿ "ಬಿಡ್ರಿ" ಎಂದು ಕೂಗಿದ. ಆರು ಹಾರೆ ಒಟ್ಟಿಗೆ ಸಡಿಲಾದವು. ಯಂತ್ರ ಇಳಿಯುವುದನ್ನು ಕಂಡ ಸೂರ್ಯ ದಿಮ್ಮಿ ತಳ್ಳಲು ಬಗ್ಗಿದ. ಹೊತ್ತು ಮೀರಿತ್ತು.

ಅವನು ಆಸ್ಪತ್ರೆಯಲ್ಲಿ ಎರಡು ದಿನ ಬದುಕಿದ್ದ. ಮುನಿರಾಜಪ್ಪ ಆ ಎರಡು ದಿನವೂ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಪೊಲೀಸರು ಕೇಳಿದಾಗ, ತಂಗಿ ಕೇಳಿದಾಗ, ಅವನು ಒಂದೇ ಉತ್ತರ ಕೊಟ್ಟ. ಸೂರ್ಯನ ಕಾಲು ಜಾರಿತು.

ಆಮೇಲಿನ ದಿನಗಳಲ್ಲಿ ಅವನು ಕೂಗಲು ಹೋದರೆ ದನಿ ಏಳುತ್ತಿರಲಿಲ್ಲ. ಎರಡು ತಿಂಗಳು ಒದ್ದಾಡಿ ಗುಂಪು ಬಿಟ್ಟ. ಅದನ್ನು ತಂಗಿಗೆ ಹೇಳಲಿಲ್ಲ. ಪ್ರತಿ ಭಾನುವಾರ ಕಗ್ಗದಾಸಪುರದ ಅವಳ ಬಾಡಿಗೆ ಮನೆಗೆ, ಕೂಡಿಟ್ಟ ದುಡ್ಡಿನಲ್ಲಿ ತರಕಾರಿ, ಹಣ್ಣು ಹಿಡಿದು ಹೋಗುತ್ತಿದ್ದ. ಅಕ್ಕಪಕ್ಕದವರು "ಅಣ್ಣ ಅಂದ್ರೆ ಹಿಂಗಿರ್ಬೇಕು" ಎನ್ನುತ್ತಿದ್ದರು. ಹೇಳಿಬಿಡಬೇಕು ಎಂದುಕೊಂಡು ಮೆಟ್ಟಿಲು ಹತ್ತುವುದು, ಹೇಳದೆ ಇಳಿಯುವುದು. ಹೇಳಿದರೆ ಇರುವ ಒಬ್ಬ ತಂಗಿಯೂ, ಆ ಮಗುವೂ ಕೈತಪ್ಪುತ್ತವೆ ಎಂಬ ಭಯ. ಎರಡು ವರ್ಷ ಹೀಗೆ ಕಳೆಯಿತು.

ಕಳೆದ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಅಂಜಿನಮ್ಮ ನೆನೆಹಾಕಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಅವನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡ. ಹಿತುಕುತ್ತಲೇ, ತಲೆ ಎತ್ತದೆ ಹೇಳಿದ.

"ಅಂಜಿನಿ, ಸೂರ್ಯಂಗೆ ಕಾಲು ಜಾರ್ಲಿಲ್ಲ. ನಾನು ಅವನ ಹೆಸ್ರು ಹಿಡಿದು ಹೇಳ್ಲಿಲ್ಲ. ಮುನಿಸಲ್ಲಿ, ಯಾರಾದ್ರೂ ಅಂದ್ಬಿಟ್ಟೆ. ತಿರುಗಿ ನೋಡ್ಲೂ ಇಲ್ಲ."

ಅವಳ ಕೈ ನಿಲ್ಲಲಿಲ್ಲ.

"ಗೊತ್ತು" ಎಂದಳು.

ಅವನು ತಲೆ ಎತ್ತಿದ.

"ಆಸ್ಪತ್ರೆಲೇ ಹೇಳಿದ್ರು ಅವ್ರು. ದಿಮ್ಮಿ ಕೈಯಲ್ಲೇ ಇತ್ತಂತೆ. ದಿನಾ ಹೇಳ್ದಿದ್ರೂ ಕೊಡ್ತಿದ್ರಂತೆ, ಅವತ್ತು ಮಾತ್ರ, ಮೇಸ್ತ್ರಿ ಬಾಯಿ ಬಿಟ್ಟು ಕೇಳ್ಲೇಬೇಕಾದ ಜಾಗ ಇದು, ಇವತ್ತಾದ್ರೂ ಭಾವ ನನ್ ಹೆಸ್ರು ಕೂಗೇ ಕೂಗ್ತಾರೆ ಅಂತ ಹಿಡ್ಕೊಂಡು ನಿಂತಿದ್ರಂತೆ. ನಂದೂ ತಪ್ಪೇ, ಭಾವಂಗೆ ಬೈಬೇಡ ಅಂದ್ರು. ನಾನು ಬೈಲಿಲ್ಲ."

ಮುನಿರಾಜಪ್ಪನ ಕೈಯಲ್ಲಿದ್ದ ಕಾಳು ಹಾಗೇ ಉಳಿದವು.

"ತಿಥಿ ಆದ್ಮೇಲೆ ಮುಬೀನಣ್ಣ ಬಂದಿದ್ರು" ಎಂದಳು ಅವಳು. "ನಾನು ನೋಡ್ಬೇಕಾಗಿತ್ತಮ್ಮ, ತಪ್ಪು ನಂದು ಅಂತ ಬಾಗಿಲಲ್ಲೇ ಕೂತು ಅತ್ರು. ಆಮೇಲೆ ಚಿಕ್ಕಮುನಿಯಪ್ಪ ಬಂದ್ರು. ಒಬ್ಬೊಬ್ರಾಗಿ ಆರು ಜನಾನೂ ಬಂದ್ರು ಅಣ್ಣಾ. ಒಬ್ರಿಗೆ ಗೊತ್ತಿಲ್ದಂಗೆ ಒಬ್ರು. ಎಲ್ರೂ ತಪ್ಪು ನಂದೇ ಅಂದ್ರು. ಕಾಲು ಜಾರ್ತು ಅಂದಿದ್ದು ನೀನೊಬ್ನೇ."

"ಹೇಳ್ಬೇಕು ಅಂತ್ಲೇ ಪ್ರತಿ ವಾರ ಬರ್ತಿದ್ದೆ."

"ಬರ್ತಿದ್ದೆ. ನಾನೂ ಪ್ರತಿ ವಾರ ಅನ್ನ ಇಕ್ಕಿ, ಇವತ್ತು ಹೇಳ್ತಾನೆ ಅಂತ ನೋಡ್ತಿದ್ದೆ. ನೀನು ಅವತ್ತೇ ಬಂದು ಹೇಳಿದ್ದಿದ್ರೆ ಇಬ್ರೂ ಒಟ್ಟಿಗೆ ಅತ್ಕೊಂಡಿರ್ತಿದ್ವಿ. ಈಗ ನಂಗೆ ಸಾಕಾಗಿದೆ." ಅವಳು ಸಿಪ್ಪೆಗಳನ್ನೆಲ್ಲ ಒಂದು ಕಡೆ ಮಾಡಿ, ತಟ್ಟೆ ಎತ್ತಿಕೊಂಡು ಎದ್ದಳು. "ಇನ್ಮೇಲೆ ಬರ್ಬೇಡ ಅಣ್ಣಾ. ಕೋಪಕ್ಕೆ ಹೇಳ್ತಿಲ್ಲ. ನಿನ್ನ ನೋಡ್ತಾ ಕಾಯೋದು ಇನ್ನು ನನ್ ಕೈಲಾಗಲ್ಲ."

ಅವನು ಎದ್ದು ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಒಳಗಿನಿಂದ ಭಾಗ್ಯ ಓಡಿ ಬಂದಳು.

"ಮಾವ, ಊಟ ಮಾಡಲ್ವಾ?"

ಅವನು ತಂಗಿಯ ಕಡೆ ನೋಡಿದ. ಅವಳು ಒಲೆಯ ಕಡೆ ತಿರುಗಿದ್ದಳು.

"ಮಾವಂಗೆ ಕೆಲ್ಸ ಐತೆ, ಬಿಡು" ಎಂದಳು.

ಎರಡು ವರ್ಷದಿಂದ ಒಂದು ಕೆಲಸವೂ ಇಲ್ಲದ ಮುನಿರಾಜಪ್ಪ "ಹೂಂ ಪುಟ್ಟಿ, ಕೆಲ್ಸ ಐತೆ" ಎಂದು ಮಗುವಿನ ತಲೆ ಸವರಿ ಮೆಟ್ಟಿಲಿಳಿದ.