ಹೂ ಬಿಡದ ಕಕ್ಕೆ

ಅಂಗನವಾಡಿ ಟೀಚರಾಗಿ ನಿವೃತ್ತರಾದ ದಿನ ಮಹಾಲಕ್ಷ್ಮಮ್ಮ ಹನೂರು ರಸ್ತೆಯ ಅರಣ್ಯ ಇಲಾಖೆ ಮರದೋಟದಲ್ಲಿ ಒಂದು ಕಕ್ಕೆ ಸಸಿ ನೆಟ್ಟಿದ್ದರು. ಕೊನೆಯ ವರ್ಷದ ಹನ್ನೊಂದು ಮಕ್ಕಳು ಒಂದೊಂದು ಹಿಡಿ ಮಣ್ಣು ಹಾಕಿದ್ದವು. ಅದಾಗಿ ಒಂಬತ್ತು ವರ್ಷ. ಕೊಳ್ಳೇಗಾಲದ ಮನೆಯಿಂದ ದಿನ ಬಿಟ್ಟು ದಿನ ಬೆಳಗ್ಗೆಯೇ ಅಲ್ಲಿಗೆ ನಡೆದು ಬರುತ್ತಾರೆ. ಮಳೆ ಹಿಡಿದಾಗ ಹೊಳೆದಾಸವಾಳ ನೇರಳೆಯಾಗುವುದನ್ನು, ಕಾರ್ತಿಕದಲ್ಲಿ ಆಕಾಶಮಲ್ಲಿಗೆ ದಾರಿಯ ತುಂಬ ಉದುರುವುದನ್ನು ಒಂದು ವರ್ಷವೂ ತಪ್ಪಿಸಿಕೊಂಡಿಲ್ಲ. ಬೇಸಿಗೆಯಲ್ಲಿ ಸಾಲಿನ ಉಳಿದ ಕಕ್ಕೆಗಳೆಲ್ಲ ಹಳದಿ ಗೊಂಚಲು ಇಳಿಬಿಡುತ್ತವೆ. ಅವರದರಲ್ಲಿ ಮಾತ್ರ ಬರೀ ಎಲೆ.

ಕಳೆದ ಮಾರ್ಗಶಿರದಲ್ಲಿ ಅದರ ಕಾಂಡದ ಮೇಲೆ ಕೆಂಪು ಬಣ್ಣದ ಗೀಟು ಕಂಡಿತು. ತೋಟದ ಮಾಲಿ ಸಿದ್ದಮಲ್ಲಪ್ಪ ಅಂದು ಬೇಗ ಬಂದಿದ್ದ.

“ಟೀಚರಮ್ಮ, ಈ ಬ್ಯಾಸ್ಗೇಲೂ ಊ ಬುಡ್ನಿಲ್ಲ ಅಂದ್ರೆ ಕಡುದು ಬ್ಯಾರೆ ನೆಡು ಅಂದವ್ರೆ ಸಾಹೇಬ್ರು.”

ಮಹಾಲಕ್ಷ್ಮಮ್ಮ ಎಂದಿನಂತೆ ತೊಟ್ಟಿಯಿಂದ ಬಿಂದಿಗೆ ತುಂಬಿ ತಂದು ಬುಡಕ್ಕೆ ಹುಯ್ದರು.

“ಇದೇನ್ರವ್ವ?”

“ನೀರು ಕಣಪ್ಪ. ಬಂದಾಗ್ಲೆಲ್ಲ ನಾಕು ಬಿಂದಿಗೆ. ಒಂದಿನಾನೂ ಕಮ್ಮಿ ಮಾಡಿಲ್ಲ.”

ಸಿದ್ದಮಲ್ಲಪ್ಪ ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ನಕ್ಕುಬಿಟ್ಟ. “ಅಂಗಾದ್ರೆ ಕೆಡ್ಸಿರೋರು ನೀವೇ ಕಣ್ರವ್ವ! ಬಿಳಿಗಿರಿ ಬೆಟ್ಟದ ಕಕ್ಕೆಗೆ ಯಾರು ಬಿಂದಿಗೆ ಒತ್ತಾರು? ಅದು ಬಾಯಾರ್ಬೇಕು, ಎಲೆ ಉದುರುಸ್ಬೇಕು. ನೀವು ಸಾಕಿ ಸಾಕಿ ಸೋಂಬೇರಿ ಮಾಡಿದ್ದೀರಿ.”

“ಬಾಯಾರಿದ್ದನ್ನ ನೋಡ್ಕಂಡು ಸುಮ್ನಿರಕಾಯ್ತದಾ?”

“ಆಗ್ನಿಲ್ಲ ಅಂದ್ರೆ ಬರಬ್ಯಾಡಿ.”

ಯಾವ ಮಗುವನ್ನೂ ಹಸಿದ ಹೊಟ್ಟೆಯಲ್ಲಿ ಮನೆಗೆ ಕಳಿಸಿದವರಲ್ಲ ಅವರು. ಆದರೂ ದಿನ ಬಿಟ್ಟು ದಿನ ಬಂದರು, ಬಿಂದಿಗೆ ಮುಟ್ಟದೆ. ಪುಷ್ಯದಲ್ಲಿ ನೆಲ ಬಿರಿಯಿತು. ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿಗೆ ನಡೆದು ಹೋಗುವವರು ಸಾಲಿನಡಿ ಬುತ್ತಿ ಬಿಚ್ಚಿದಾಗ ಕಕ್ಕೆಯ ಎಲೆ ಅವರ ಅನ್ನದ ಮೇಲೆ ಬೀಳುತ್ತಿತ್ತು. ಒಬ್ಬ ಹೆಂಗಸು ಉಳಿದ ನೀರನ್ನು ಬುಡಕ್ಕೆ ಚೆಲ್ಲಲು ಹೋದಳು.

“ಅಲ್ಲಿ ಬ್ಯಾಡ ಕಣವ್ವ, ಅತ್ಲಾಗೆ ಚೆಲ್ಲು,” ಎಂದರು ಮಹಾಲಕ್ಷ್ಮಮ್ಮ.

ಯುಗಾದಿ ಕಳೆಯಿತು. ಮರ ಬೋಳಾಗಿಯೇ ನಿಂತಿತ್ತು. ಸಾಹೇಬರು ತೋಟ ನೋಡಲು ಬರುವುದಕ್ಕೆ ನಾಲ್ಕು ದಿನವಿದೆ ಎನ್ನುವಾಗ ಹಿಂಬದಿಯ ಕೊಂಬೆಯಲ್ಲಿ ಒಂದು ಗೊಂಚಲು ಇಳಿಯಿತು. ಒಂದೇ ಒಂದು, ಅದೂ ಗೇಣುದ್ದ.

“ಇಷ್ಟು ಸಾಕಾ, ಸಿದ್ದಮಲ್ಲಪ್ಪ?”

“ತೋರ್ಸಕ್ಕೆ ಸಾಕು ಬುಡಿ,” ಎಂದು ಅವನು ಕುಡುಗೋಲಿನ ಬೆನ್ನಿನಿಂದ ಕೆಂಪು ಗೀಟನ್ನು ಕೆರೆದು ತೆಗೆದ.

ಬುಡದ ಮಣ್ಣು ಒಣಗಿ ಹುಡಿಯಾಗಿತ್ತು. ತೊಟ್ಟಿಯ ಪಕ್ಕದಲ್ಲೇ ಬಿಂದಿಗೆ ಇತ್ತು. ಮಹಾಲಕ್ಷ್ಮಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತರು.