ಮಹಾದೇವಿ ಟೀಚರ ಪೆಟ್ಟಿಗೆಗೆ ನಾಲ್ಕು ಎಂಬಿ

ಮಲಾಡ್ ಪೂರ್ವದಲ್ಲಿ, ಹಳೆಯ ಬಿಲ್ಡಿಂಗೊಂದರ ಮೆಟ್ಟಿಲ ಕೆಳಗೆ ಅಂಗಾರನ ರಿಪೇರಿ ಅಂಗಡಿ. ಮಿಕ್ಸರು, ಗ್ರೈಂಡರು, ಟೀವಿ, ಕಂಪ್ಯೂಟರು, ಏನೇ ಬಂದರೂ ಆಗುವುದಿಲ್ಲ ಎನ್ನುವ ಆಸಾಮಿಯಲ್ಲ. ವಯಸ್ಸು ಐವತ್ತಮೂರು. ಗಿರಾಕಿಗಳ ಮೇಲೆ ಸಿಡುಕು, ಯಂತ್ರಗಳ ಮುಂದೆ ಮಾತ್ರ ಎಲ್ಲಿಲ್ಲದ ತಾಳ್ಮೆ. ಇಂಥವನು ಒಂದು ಭಾನುವಾರ ಬೆಳಿಗ್ಗೆ ಶಟರ್ ಎಳೆದು, ದಾದರಿನಲ್ಲಿ ಒಮ್ಮೆ, ಕುರ್ಲಾದಲ್ಲಿ ಇನ್ನೊಮ್ಮೆ ಲೋಕಲ್ ಬದಲಿಸಿ ಚೆಂಬೂರಿಗೆ ಹೊರಟ. ಮಹಾದೇವಿ ಟೀಚರ್ ಫೋನ್ ಮಾಡಿ ಒಂದು ಕೆಲಸ ಹೇಳಿದ್ದರು. ಮೂವತ್ತು ವರ್ಷಗಳಲ್ಲಿ ಅವರು ಅವನಿಂದ ಏನನ್ನಾದರೂ ಕೇಳಿದ್ದು ಇದೇ ಮೊದಲು.

ಉಡುಪಿ ಕಡೆಯಿಂದ ಮುಂಬಯಿಗೆ ಬಂದಾಗ ಅಂಗಾರನಿಗೆ ಇಪ್ಪತ್ತೆರಡು ದಾಟಿತ್ತು, ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಚೆಂಬೂರಿನ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಕೆಲಸ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ, ಅಂದರೆ ಮೂರರಿಂದ ಐದರವರೆಗೆ, ಹೋಟೆಲ್ ಕೆಲಸದವರು ಕಾಲು ಚಾಚುವ ಹೊತ್ತು. ಆ ಹೊತ್ತನ್ನೇ ನೋಡಿಕೊಂಡು ಧಾರವಾಡದ ಮಹಾದೇವಿ ಟೀಚರ್ ಹತ್ತಿರದ ಮಾಳಿಗೆಯೊಂದರಲ್ಲಿ ಕನ್ನಡ ಕ್ಲಾಸು ತೆಗೆದಿದ್ದರು. ಬೆಳಿಗ್ಗೆ ದಾದರಿನ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಅಕ್ಷರ ಜೋಡಿಸುವ ನೌಕರಿ, ಮಧ್ಯಾಹ್ನ ಸಂಬಳವಿಲ್ಲದ ಈ ಪಾಠ. ಎರಡು ವರ್ಷದಲ್ಲಿ ನಲವತ್ತು ಮಂದಿ ಓದು ಬರಹ ಕಲಿತರು. ಅಂಗಾರ ಅಲ್ಲಿಗೇ ನಿಲ್ಲದೆ ರಿಪೇರಿಯ ಪುಸ್ತಕಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ, ಪುಣೆಗೆ ಹೋಗಿ ಕೆಲಸ ಕಲಿತು ಬಂದ. ತನಗೆ ಅನ್ನದ ದಾರಿ ತೋರಿಸಿದವರು ಟೀಚರ್ ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ಸಮಾಧಾನವಿಲ್ಲ. ಹೆಂಡತಿ ಸೇವಂತಿಗೆ ಅದನ್ನು ಕೇಳಿ ಕೇಳಿ ಕಿವಿ ತೂತಾಗಿದೆ.

ಕ್ಲಾಸಿನ ಕೊನೆಗೆ ಟೀಚರ್ ನಲವತ್ತು ಮಂದಿಯಿಂದಲೂ ಅವರವರ ಬದುಕಿನ ಒಂದೊಂದು ಪುಟ ಬರೆಸಿ, ತಾವೂ ಒಂದು ಪುಟ ಬರೆದು, ಪುಸ್ತಕ ಮಾಡಿಸಿದ್ದರು. ಅದು ಅಚ್ಚಾದಾಗ ಅಂಗಾರ ಪುಣೆಯಲ್ಲಿದ್ದ, ಅವನ ಕೈಗೆ ಪ್ರತಿ ಸಿಗಲೇ ಇಲ್ಲ. ಉಳಿದವರ ಪ್ರತಿಗಳು ಅವರೊಂದಿಗೆ ಎಲ್ಲೆಲ್ಲಿಗೋ ಹೋದವು, ಟೀಚರ ಮನೆಯಲ್ಲಿದ್ದ ಪ್ರತಿಗಳು ಎರಡು ಸಾವಿರದ ಐದರ ಮಳೆಯಲ್ಲಿ ನೀರುಪಾಲಾದವು. ಉಳಿದದ್ದು ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿನೊಳಗಿನ ಒಂದೇ ಪ್ರತಿ.

"ಪೆಟ್ಟಿಗಿ ಇನ್ನೂ ಜೀವ ಹಿಡದೈತಿ ನೋಡಪಾ," ಎಂದಿದ್ದರು ಟೀಚರ್ ಫೋನಿನಲ್ಲಿ. "ಆದ್ರ ಪುಸ್ತಕ ತಗಿ ಅಂದ್ರ ಮೆಮರಿ ಸಾಲೂದಿಲ್ಲ ಅಂತೈತಿ. ನಮ್ಮ ಮಂದಿ ಬರದಿದ್ದು ಇನ್ನೊಮ್ಮೆ ಓದಬೇಕನಸೈತೋ ಅಂಗಾರ."

ಪ್ರೆಸ್ಸಿನವರು ಹೊಸದು ತಂದಾಗ ಟೀಚರಿಗೆ ಬಿಟ್ಟುಕೊಟ್ಟ ಯಂತ್ರ ಅದು. ಪರದೆ, ಯಂತ್ರ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಎತ್ತಿಕೊಂಡು ಹೋಗಲು ಮೇಲೊಂದು ಹಿಡಿ. ಒಳಗಿನ ಮೆಮರಿ ಒಂದೇ ಒಂದು ಎಂಬಿ. ಈಗಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲಿಕ್ಕಿಲ್ಲ. ಪುಸ್ತಕವನ್ನು ಪ್ರೆಸ್ಸಿನ ದೊಡ್ಡ ಯಂತ್ರದಲ್ಲಿ ಜೋಡಿಸಿದ್ದರಿಂದ ತೆರೆಯಲು ನಾಲ್ಕು ಎಂಬಿಯಾದರೂ ಬೇಕು. ಹೊಸ ಕಂಪ್ಯೂಟರಿಗೆ ಹಾಕೋಣವೆಂದರೆ ಅಂದಿನ ಕನ್ನಡ ಅಕ್ಷರಗಳು ಅಲ್ಲಿ ಬರೀ ಸೊಟ್ಟ ಗೀಟುಗಳಾಗುತ್ತವೆ. ಅಂಗಾರ ಹದಿನೈದು ದಿನ ಗುಜರಿ ಜಾಲಾಡಿ, ಹಳೆಯ ಬೋರ್ಡುಗಳಿಂದ ಒಂದೊಂದು ಎಂಬಿಯ ನಾಲ್ಕು ಮೆಮರಿ ಪಟ್ಟಿಗಳನ್ನು ಕಿತ್ತು ತಂದಿದ್ದ.

ಟೀಚರ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಪೆಟ್ಟಿಗೆಯನ್ನು ಮುಖ ಕೆಳಗೆ ಮಾಡಿ ಮಲಗಿಸಿದ. ಹಿಡಿಯ ಸಂದಿನಲ್ಲಿ ಗೇಣುದ್ದ ಒಳಗೆ ಎರಡು ಸ್ಕ್ರೂ. ಅದಕ್ಕೆಂದೇ ಉದ್ದ ಕಾಲಿನ ಸ್ಕ್ರೂಡ್ರೈವರ್ ಮಾಡಿಸಿಕೊಂಡಿದ್ದ. ಹಿಂಬದಿಯ ಕವಚ ಕಳಚಿ ಬಂತು. ಪಿಕ್ಚರ್ ಟ್ಯೂಬಿನಲ್ಲಿ ಉಳಿದಿರುವ ಕರೆಂಟು ಇಳಿಸುವುದು ಅವನಿಗೆ ಹೊಸದಲ್ಲ, ಆದರೂ ಎರಡೆರಡು ಸಲ ಇಳಿಸಿ ನೋಡಿದ. ಟ್ಯೂಬಿನ ಕುತ್ತಿಗೆಗೆ ಒಂದು ಏಟು ತಗಲಿದರೆ ಬದಲಿ ಟ್ಯೂಬು ಎಲ್ಲೂ ಸಿಗದು, ನಲವತ್ತೊಂದು ಪುಟಗಳಿಗೂ ಎಳ್ಳುನೀರು.

"ಯಾಕೋ, ಇಷ್ಟ್ಯಾಕ ಅಂಜಾಕತ್ತಿ?" ಎಂದರು ಟೀಚರ್.

"ಬೇರೆಯವರದ್ದಾದರೆ ಹೆದರುದಿಲ್ಲ ಟೀಚರ್. ನಿಮ್ಮದಲ್ಲವಾ."

ಬೋರ್ಡನ್ನು ಹೊರಗೆಳೆದು ಹಳೆಯ ನಾಲ್ಕು ಪಟ್ಟಿ ತೆಗೆದ, ಹೊಸವನ್ನು ಓರೆಯಾಗಿ ಇಟ್ಟು ನೆಟ್ಟಗೆ ಮಾಡಿದ. ಹೆಚ್ಚಿನ ಮೆಮರಿಯನ್ನು ಯಂತ್ರ ಗುರುತಿಸಲೆಂದು ಅಲ್ಲಿದ್ದ ಚಿಕ್ಕ ರೆಸಿಸ್ಟರಿನ ಒಂದು ಕಾಲು ಕತ್ತರಿಸಿದ. ಎಲ್ಲ ಮುಚ್ಚಿ ಸ್ವಿಚ್ ಹಾಕಿದರೆ ಕಪ್ಪು ಪರದೆಯ ನಡುವೆ ಒಂದು ಪುಟ್ಟ ಅಳುಮುಖ ಮೂಡಿತು, ಕೆಳಗೆ ಎರಡು ಸಾಲು ಅಂಕಿ. ಯಂತ್ರ ಕೆಟ್ಟಿದೆ ಎಂದು ಅದರ ಅರ್ಥ; ಅಂಗಾರ ತಟ್ಟನೆ ಸ್ವಿಚ್ ಆರಿಸಿದ. ಟೀಚರ್ ಕೇಳಿದ ಒಂದೇ ಒಂದು ಕೆಲಸವನ್ನು ಹಾಳು ಮಾಡಿದೆನಲ್ಲ ಎಂದು ಅವನಿಗೆ ಅಳು ಬರುವಂತಾಯಿತು.

ಮತ್ತೆ ಬಿಚ್ಚಿ, ಟಾರ್ಚು ಹಿಡಿದು ಪಟ್ಟಿ ಕೂರುವ ಒಂದೊಂದೇ ಸಂದನ್ನು ನೋಡುತ್ತ ಬಂದ. ಮೂರನೆಯದರ ತಳದಲ್ಲಿ ಹಳದಿಯದೇನೋ ಕೂತಿತ್ತು. ಚಿಮಟದಿಂದ ಎತ್ತಿದರೆ ಅಕ್ಷತೆಯ ಕಾಳು! ಸುತ್ತ ಒಣಗಿದ ಕುಂಕುಮ. ಆಯುಧಪೂಜೆಯ ದಿನ ಟೀಚರ್ ವರ್ಷವೂ ತಪ್ಪದೆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಅಕ್ಷತೆ ಎರಚಿದ್ದರು, ಅದು ಗಾಳಿಯಾಡುವ ಸೀಳುಗಳಿಂದ ಒಳಗಿಳಿದು ಅಲ್ಲೇ ಬೀಡುಬಿಟ್ಟಿತ್ತು, ಹಳೆಯ ಪಟ್ಟಿ ಕಿತ್ತಾಗ ಸಂದಿನ ತಳಕ್ಕೆ ಜಾರಿತ್ತು.

"ದೇವರಿಗೆ ಹಾಕಿದ್ದು ದೇವರ ಹೊಟ್ಟೀಗೇ ಹೋಗೈತಿ ಬಿಡು!" ಎಂದು ಟೀಚರ್ ಸೆರಗು ಬಾಯಿಗಿಟ್ಟು ನಕ್ಕರು.

ಅಂಗಾರ ಮೆದುವಾದ ಬ್ರಷ್ಷಿನಿಂದ ಎಲ್ಲವನ್ನೂ ಗುಡಿಸಿ, ಪಟ್ಟಿಗಳನ್ನು ಮತ್ತೆ ಕೂರಿಸಿದ. ಈ ಸಲ ಪರದೆಯಲ್ಲಿ ನಗುಮುಖ. ಪುಸ್ತಕದ ಮೇಲೆ ಒತ್ತಿದರೆ ಪೆಟ್ಟಿಗೆ ಗುರ್ ಗುರ್ ಎಂದು ಗೊಣಗಿ, ಗೊಣಗಿ, ಕೊನೆಗೆ ತೆರೆಯಿತು. ಟೀಚರ್ ಕನ್ನಡಕ ಒರೆಸಿಕೊಂಡು ಒಂದೊಂದೇ ಪುಟ ಗಟ್ಟಿಯಾಗಿ ಓದಿದರು. ನಲವತ್ತೊಂದನೆಯದು ಅವರದೇ.

"ಮೊದಲ ಮಳೆಗಾಲದಲ್ಲೇ ಈ ಕ್ಲಾಸು ನಿಲ್ಲಿಸಲು ನಿಶ್ಚಯಿಸಿದ್ದೆ. ಪ್ರೆಸ್ಸಿನಿಂದ ಊಟವಿಲ್ಲದೆ ಓಡಿಬಂದು ತಲೆ ತಿರುಗುತ್ತಿತ್ತು. ಆ ವಾರ ಅಂಗಾರ ಬಾಳೆಲೆಯಲ್ಲಿ ಇಡ್ಲಿ ಕಟ್ಟಿ ತಂದು, ತನ್ನ ಪಾಲಿನದು ಎಂದ. ಮುಂದೆ ದಿನವೂ ತಂದ. ತನ್ನ ಹೊಟ್ಟೆ ಕಟ್ಟಿ ನನಗೆ ತರುವವನಿಗೆ ನಾಳೆಯಿಂದ ಕ್ಲಾಸಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಈ ಪುಸ್ತಕ ಅವನ ಋಣ."

ಅಂಗಾರನ ಮುಖ ಸಣ್ಣಗಾಯಿತು.

"ಟೀಚರ್, ಅದು ನನ್ನ ಪಾಲಿನದ್ದಲ್ಲ," ಎಂದ. "ನಮ್ಮ ಹೋಟೆಲಿನ ಅಡುಗೆ ಭಟ್ಟಿಯ ದೂಜಣ್ಣ ಕಟ್ಟಿ ಕೊಡ್ತಿದ್ರು. ಹೋಟೆಲಿಂದ ಅಂದ್ರೆ ನೀವು ತಗೊಳ್ಳುದಿಲ್ಲ, ನಿನ್ನದೇ ಅಂತ ಹೇಳು ಅಂದ್ರು. ನಾನು ಹೊಟ್ಟೆ ತುಂಬ ತಿಂದೇ ಬರ್ತಿದ್ದೆ."

ಟೀಚರ್ ಕನ್ನಡಕ ತೆಗೆದು ಕೆಳಗಿಟ್ಟರು. "ಅವರು ಅದಾರೇನು?"

"ಇದ್ದಾರೆ, ಊರ ಕಡೆ ಕಾಪುವಿನಲ್ಲಿ, ಮಗಳ ಮನೆಯಲ್ಲಿ. ಎಂಬತ್ತಾಯ್ತು."

"ಹಚ್ಚು ಫೋನು."

ಅಂಗಾರ ಸ್ಪೀಕರಿಗೆ ಹಾಕಿ, ಟೀಚರಿಗೆ ತಿಳಿಯಲೆಂದು ತುಳು ಬಿಟ್ಟು ಕನ್ನಡದಲ್ಲೇ ಎಲ್ಲವನ್ನೂ ಹೇಳಿದ. ಅತ್ತಲಿಂದ ದೂಜಣ್ಣನ ಕೆಮ್ಮು, ನಗು. "ಅಯ್ಯೋ ಮಾರಾಯ, ಎರಡು ಇಡ್ಲಿಗೆ ಎಂತ ಇಷ್ಟು ದೊಡ್ಡ ಕತೆ!"

"ದೂಜಣ್ಣಾರ, ನಿಮ್ಮಿಂದ ನನ್ನ ಕ್ಲಾಸ್ ಉಳೀತರೀ," ಎಂದರು ಟೀಚರ್. "ನಿಮಗ ಕೈ ಮುಗೀತೀನಿ. ಮತ್ತ ನೀವ್ಯಾಕ ಕಲಿಯಾಕ ಬರಲಿಲ್ಲ?"

"ಬರ್ಬೇಕು ಅಂತ ಭಾರೀ ಆಸೆ ಇತ್ತು ಟೀಚರ್. ಇವನು ಸಣ್ಣ ಪ್ರಾಯದವ, ಕಲಿತ್ರೆ ಉಪಯೋಗ ಉಂಟು. ಇಬ್ರೂ ಬಂದ್ರೆ, ಮೂರಕ್ಕೇ ಶುರು ಮಾಡ್ಬೇಕಾದ ಮರುದಿನದ ಹಿಟ್ಟು ರುಬ್ಬುದು ಯಾರು?"

ಅಂಗಾರ ಕುರ್ಚಿ ಎಳೆದು ಕುಳಿತ. ಎರಡು ವರ್ಷ, ಐದು ಗಂಟೆಗೆ ಅವನು ಕ್ಲಾಸಿನಿಂದ ಮರಳುವಾಗ ಅರ್ಧಕ್ಕರ್ಧ ಹಿಟ್ಟು ರುಬ್ಬಿ ಆಗಿರುತ್ತಿತ್ತು. ಯಾರು ರುಬ್ಬಿದರೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಕಣ್ಣು ತುಂಬಿ ಪರದೆ ಮಸುಕಾಯಿತು.

"ನಿಮ್ಮ ಪುಟ ಒಂದು ಬಾಕಿ ಐತ್ರೀ," ಎಂದರು ಟೀಚರ್ ಫೋನಿಗೆ ಬಾಗಿ. "ಈಗ ಇದರಾಗ ಜಾಗಾ ಆಗೈತಿ. ನೀವು ಹೇಳ್ರಿ, ಇವ ಬರೀತಾನ."

"ನನ್ನದು ಎಂತ ಉಂಟು ಟೀಚರ್ ಬರೀಲಿಕ್ಕೆ?"

ಅಂಗಾರ ಹೊಸ ಪುಟ ತೆರೆದ. ಒಂದೊಂದೇ ಕೀಲಿ ಹುಡುಕಿ ಒತ್ತಿ, ಮೇಲೆ ದೂಜ ಎಂದು ಹೆಸರು ಬರೆದ.

"ಹೇಳಿ ದೂಜಣ್ಣ," ಎಂದ. "ನಿಧಾನ ಹೇಳಿ. ಸಂಜೆವರೆಗೂ ನಾನು ಏಳುದಿಲ್ಲ."