ಎಡಗೈಯ ಅಳತೆ

ನಮ್ಮವರದು ಇಸ್ತ್ರಿ ಅಂಗಡಿ. ಆರು ಕೆ.ಜಿ. ತೂಕದ ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಇಪ್ಪತ್ತೆರಡು ವರ್ಷದಿಂದ ಬಲಗೈಯಲ್ಲೇ ಎಳೆದವರು. ಎಡಗೈಗೆ ಸುಕ್ಕು ಬಿಡಿಸಿ ಬಟ್ಟೆ ಹಿಡಿಯುವ ಕೆಲಸ ಮಾತ್ರ. ಬಲತೋಳು ದಪ್ಪಗಿರುವುದು ನನಗೆ ಮದುವೆಯಾದಾಗಿನಿಂದಲೂ ಗೊತ್ತು. ಅವರ ಕಣ್ಣಿಗೆ ಬಿದ್ದದ್ದು ಮಾತ್ರ ಈಚೆಗೆ, ಬನಿಯನ್ನಿನಲ್ಲಿ ಕನ್ನಡಿ ಮುಂದೆ ನಿಂತಾಗ.

"ಎಡಗೈ ಸೊರಗ್ತಾ ಇದೆ ಕಣೇ," ಅಂದರು. ಮುಖ ಬಿಳಿಚಿಕೊಂಡಿತ್ತು.

ಮಾವನವರಿಗೂ ಮೊದಲು ಸೊರಗಿದ್ದು ಎಡಗೈಯೇ. ಆಮೇಲೆ ಲೋಟ ಹಿಡಿಯಲಾಗದೆ, ಕೊನೆಗೆ ನುಂಗಲೂ ಆಗದೆ, ಎರಡೇ ವರ್ಷಕ್ಕೆ ಹೋಗಿಬಿಟ್ಟರು. ಡಾಕ್ಟರ ಹತ್ತಿರ ಹೋಗೋಣವೆಂದು ಗೋಗರೆದೆ. "ಅವರು ರೋಗದ ಹೆಸರು ಹೇಳಿಬಿಟ್ರೆ ಮುಗೀತು," ಎಂದು ಈ ಮಹಾನುಭಾವರು ಹೋದದ್ದು ಬೀದಿ ಕೊನೆಯ ಜಿಮ್ಮಿಗೆ. ಅದೂ ಐವತ್ತರ ಹತ್ತಿರದಲ್ಲಿ!

ಕೋಚ್ ಎರಡೂ ತೋಳು ಅಳೆದು ಬರೆದುಕೊಂಡ. "ಒಂದೂವರೆ ಇಂಚು ವ್ಯತ್ಯಾಸ ಅಣ್ಣಾ. ಡಂಬೆಲ್ ಒಂದೊಂದೇ ಕೈಯಲ್ಲಿ ಎತ್ತಿ. ಮೊದಲು ಎಡಗೈ. ಅದು ಎಂಟು ಸಲ ಎತ್ತಿದ್ರೆ ಬಲಗೈಗೂ ಎಂಟೇ, ಒಂಬತ್ತಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯೋಣ." ಅಪ್ಪನ ವಿಷಯ ಇವರು ಅವನ ಹತ್ತಿರ ಬಾಯಿಬಿಡಲಿಲ್ಲ.

ಎಡಗೈ ಬೆಳೆದರೆ ಬಚಾವು, ಬೆಳೆಯದಿದ್ದರೆ ಅಪ್ಪನ ರೋಗವೇ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡುಬಿಟ್ಟರು. ಆ ಮೂರು ತಿಂಗಳು ಮನೆಯಲ್ಲಿ ಒಂದು ಲೋಟ ಜಾರಿ ಬಿದ್ದರೂ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಶಾಲೆ ಶುರುವಾಗಿ ಅಂಗಡಿಗೆ ಸಮವಸ್ತ್ರದ ರಾಶಿ ಬಂದು ಬಿತ್ತು. ಬೆಳಗ್ಗೆ ಜಿಮ್ಮಿನಲ್ಲಿ ಶಿಸ್ತಾಗಿ ಎಂಟೇ ಸಲ ಎತ್ತಿದ ಬಲಗೈ, ಸಂಜೆಯ ತನಕ ಪೆಟ್ಟಿಗೆಯನ್ನು ಸಾವಿರ ಸಲ ಎಳೆಯುತ್ತಿತ್ತು. ಇದು ಕೋಚ್‌ಗೆ ಗೊತ್ತಿರಲಿಲ್ಲ, ನಮ್ಮ ದಡ್ಡ ತಲೆಗೂ ಹೊಳೆಯಲಿಲ್ಲ.

ಮತ್ತೆ ಅಳೆಯುವ ದಿನ ನಾನೂ ಜೊತೆಗೆ ಹೋದೆ. ಕೋಚ್ ಟೇಪು ಸುತ್ತಿ ನೋಡಿ, "ಅರೆ, ವ್ಯತ್ಯಾಸ ಅಷ್ಟೇ ಇದೆಯಲ್ಲಾ, ಒಂದೂವರೆ," ಅಂದ. ನಮ್ಮವರು ಬೆಂಚಿನ ಮೇಲೆ ಕುಸಿದು ಕೂತರು.

"ಮಕ್ಕಳಿಗೆ ಈಗಲೇ ಹೇಳ್ಬೇಡ," ಎಂದರು.

ನನಗೆ ರೇಗಿಹೋಯಿತು. "ವ್ಯತ್ಯಾಸ ಹಾಳಾಗಿ ಹೋಗ್ಲಿ! ಎಡಗೈ ಆಗ ಎಷ್ಟಿತ್ತು, ಈಗ ಎಷ್ಟಿದೆ, ಅದನ್ನ ಹೇಳಪ್ಪಾ!"

"ಆಗ ಹತ್ತು, ಈಗ ಹತ್ತೂವರೆ. ಎರಡೂ ಬೆಳೆದಿವೆ ಅಕ್ಕಾ. ಬಲಗೈಗೆ ಬೇರೆ ಕಡೆ ಏನಾದ್ರೂ ಕೆಲಸ ಇದೆಯಾ?"

ನಮ್ಮವರು ತಲೆಯೆತ್ತಿದರು. "ಹಾಗಾದ್ರೆ ಇದು ಅಪ್ಪನ ಕೈ ಅಲ್ವಾ?"

ಕೋಚ್‌ಗೆ ತಲೆಬುಡ ತಿಳಿಯಲಿಲ್ಲ. "ನಿಮ್ದೇ ಕೈ ಅಣ್ಣಾ, ಇನ್ಯಾರದು?"

ಅಷ್ಟು ಜನರ ಮುಂದೆ, ಆ ಎಡಗೈಯನ್ನು ಎದೆಗೆ ಒತ್ತಿಕೊಂಡು, ನಮ್ಮವರು ಗೊಳೋ ಎಂದು ಅತ್ತುಬಿಟ್ಟರು.